ರೀಲ್ಸ್ ಓಡುತ್ತದೆ, ಫೋನ್ ಎತ್ತುವವರಿಲ್ಲ

ಮಾನ್ಯ ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟುಗಳು ಸಾಲುಗಟ್ಟಿ ನಿಂತಿರುತ್ತವೆ. ಸಿಗುವುದು ನಾಡದೋಣಿಯವರು ತಂದ ಮೀನು, ಇಲ್ಲವೇ ಹೊರಗಿನಿಂದ ಐಸಿನಲ್ಲಿ ಬಂದ ಮೀನು. ಅಂಜಲ್ ಮೀನಿನ ದರ ಕೇಳಲಾಗದಷ್ಟು ಏರಿರುತ್ತದೆ. ಅದೇ ಜುಲೈಯಲ್ಲಿ ಇನ್‌ಸ್ಟಾಗ್ರಾಂ ತೆರೆದರೆ, ಜನವರಿಯಲ್ಲಿ ತೆಗೆದ ಅಂಜಲ್ ತವಾ ಫ್ರೈ ರೀಲ್ಸ್ ಜನವರಿಯ ದರವನ್ನೇ ಹೊತ್ತು, ದುಡ್ಡು ಕೊಟ್ಟ ಜಾಹೀರಾತಾಗಿ ಇನ್ನೂ ಓಡುತ್ತಿರುತ್ತದೆ. ಅದನ್ನು ನೋಡಿ ಮಳೆಯಲ್ಲಿ ನೆನೆದುಕೊಂಡು ಬಂದ ಕುಟುಂಬಕ್ಕೆ ಸಿಗುವ ಉತ್ತರ, ‘ಅಂಜಲ್ ಇಲ್ಲ, ಬಂಗುಡೆ ಉಂಟು.’ ಅವರು ಬಂಗುಡೆಯಲ್ಲೇ ಉಂಡು ಹೋಗುತ್ತಾರೆ, ರಾತ್ರಿ ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಸ್ಟಾರ್ ಕೊಡುತ್ತಾರೆ. ಹೊಟೇಲಿನವರು ಕೈಯಿಂದ ದುಡ್ಡು ಹಾಕಿ ಕೆಟ್ಟ ಹೆಸರು ತಂದುಕೊಂಡಂತಾಯಿತು.

ಮಂಗಳೂರು, ಉಡುಪಿಯ ಸಣ್ಣ ವ್ಯಾಪಾರಿಗಳಿಗೆ ಸಾಮಾಜಿಕ ಜಾಲತಾಣ ಈಗ ಹೊಸತಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ ಭಾರತಕ್ಕೆ ಬಂದದ್ದು 2018ರ ಜನವರಿಯಲ್ಲಿ. ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ, 2020ರ ಜುಲೈಯಲ್ಲಿ, ಇನ್‌ಸ್ಟಾಗ್ರಾಂ ರೀಲ್ಸ್ ಶುರುವಾಯಿತು. ಇಂದು ಹಂಪನಕಟ್ಟೆಯ ಬಟ್ಟೆ ಅಂಗಡಿ, ಮಣಿಪಾಲದ ಕೆಫೆ, ಕಾಪುವಿನ ಹೋಂಸ್ಟೇ, ಮನೆಯಲ್ಲೇ ಕೇಕ್ ಮಾಡುವ ಗೃಹಿಣಿ, ಎಲ್ಲರಿಗೂ ಒಂದೊಂದು ಪೇಜ್ ಇದೆ. ವಿಡಿಯೋಗಳೂ ಚೆನ್ನಾಗಿಯೇ ಬರುತ್ತಿವೆ. ಡಿಜಿಟಲ್ ಜಾಹೀರಾತಿನ ಕಸುಬಿನಲ್ಲಿರುವ ನಮಗೆ ಕಾಣುವಂತೆ, ಹೆಚ್ಚಿನವರು ಎಡವುತ್ತಿರುವುದು ವಿಡಿಯೋ ಮುಗಿದ ಮೇಲೆ. ನೋಡಿದವರು ಫೋನ್ ಮಾಡಿ, ದರ ಕೇಳಿ, ದಾರಿ ಹುಡುಕಿ ಅಂಗಡಿಯ ಮೆಟ್ಟಿಲು ಹತ್ತುವುದರೊಳಗೆ ಎಲ್ಲೋ ಒಂದು ಕಡೆ ದಾರಿ ತಪ್ಪುತ್ತಾರೆ. ಆ ಜಾಗಗಳನ್ನು ಸರಿಪಡಿಸಲು ದೊಡ್ಡ ಬಂಡವಾಳ ಬೇಡ. ನಮ್ಮೂರಿನ ಅಂಗಡಿಗಳು ಉಳಿಯಬೇಕೆಂಬ ಆಸೆಯಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ದುಡ್ಡಿನ ಮಾತು. ಪೋಸ್ಟಿನ ಕೆಳಗೆ ‘ಬೂಸ್ಟ್’ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಗುರಿ ಯಾವುದೆಂದು ಕೇಳುತ್ತದೆ: ಪ್ರೊಫೈಲ್ ಭೇಟಿ, ವೆಬ್‌ಸೈಟ್ ಭೇಟಿ, ಮೆಸೇಜ್. ಹೆಚ್ಚಿನವರು ಪ್ರೊಫೈಲ್ ಭೇಟಿಯನ್ನೇ ಇಟ್ಟುಕೊಂಡು ಮುಂದೆ ಹೋಗುತ್ತಾರೆ. ಇಲ್ಲೇ ಮೊದಲ ತಪ್ಪು. ನಾವು ಏನನ್ನು ಕೇಳಿದೆವೋ ಅದನ್ನು ಮಾಡುವ ಜನರನ್ನೇ ಆ ವ್ಯವಸ್ಥೆ ಹುಡುಕಿಕೊಡುತ್ತದೆ. ಪ್ರೊಫೈಲ್ ಭೇಟಿ ಕೇಳಿದರೆ ಸಿಕ್ಕಸಿಕ್ಕ ಪ್ರೊಫೈಲ್ ತೆರೆದು ನೋಡುವ ಅಭ್ಯಾಸದವರು ಬರುತ್ತಾರೆ. ಅವರಲ್ಲಿ ಕೊಳ್ಳುವವರು ಎಷ್ಟು ಮಂದಿಯೆಂಬುದು ಅದಕ್ಕೆ ಬೇಡ. ಆರ್ಡರ್ ಬೇಕಿದ್ದರೆ ‘ಮೆಸೇಜ್’ ಆರಿಸಿ ವಾಟ್ಸ್‌ಆ್ಯಪ್‌ಗೆ ಜೋಡಿಸಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 500 ರೂಪಾಯಿಯಂತೆ 7 ದಿನಕ್ಕೆ 3,500. ಅದಕ್ಕೆ 18% ಜಿಎಸ್‌ಟಿ 630. ಒಟ್ಟು 4,130. ಇದರಿಂದ 60 ಜನ ಮೆಸೇಜ್ ಮಾಡಿ, 9 ಆರ್ಡರ್ ಆಯಿತೆಂದುಕೊಳ್ಳಿ. ಒಂದು ಮೆಸೇಜಿಗೆ ಸುಮಾರು 69 ರೂಪಾಯಿ ಬಿತ್ತು, ಒಂದು ಆರ್ಡರಿಗೆ ಸುಮಾರು 459. ಆರ್ಡರ್ 600 ರೂಪಾಯಿಯದ್ದಾಗಿ, ಅದರಲ್ಲಿ ಕೈಗುಳಿಯುವುದು 30% ಆಗಿದ್ದರೆ ಸಿಕ್ಕಿದ್ದು 180. ಅಂದರೆ ಪ್ರತಿ ಆರ್ಡರಿಗೂ 279 ರೂಪಾಯಿ ಕೈಯಿಂದ ಹೋಯಿತು. ಖರ್ಚು ಮೇಲೆ ಬರಬೇಕಾದರೆ 23 ಆರ್ಡರ್ ಬೇಕಿತ್ತು. ಹಾಗೆಂದು ಜಾಹೀರಾತೇ ದಂಡ ಎನ್ನಲಾಗದು. ಆ ಒಂಬತ್ತರಲ್ಲಿ ನಾಲ್ಕು ಮನೆಯವರು ತಿಂಗಳಿಗೊಮ್ಮೆ ಮತ್ತೆ ಬಂದರೆ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅಸಲು ಹುಟ್ಟುತ್ತದೆ. ಆದರೆ ಮತ್ತೆ ಬಂದರೋ ಇಲ್ಲವೋ ತಿಳಿಯಬೇಕಲ್ಲ? ಅದಕ್ಕೆ ಗಲ್ಲೆಯ ಪಕ್ಕದಲ್ಲಿ 40 ಪೇಜಿನ ಒಂದು ನೋಟ್ ಪುಸ್ತಕ ಸಾಕು. ‘ನಮ್ಮ ಬಗ್ಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ ರೀಲ್ಸ್, ಮ್ಯಾಪ್ಸ್, ಗುರುತಿನವರು, ದಾರಿಯಲ್ಲಿ ಕಂಡದ್ದು ಎಂದು ನಾಲ್ಕು ಕಾಲಂಗಳಲ್ಲಿ ಗೆರೆ ಹಾಕುತ್ತ ಹೋಗುವುದು. ಒಂದು ತಿಂಗಳಾದ ಮೇಲೆ ಆ ಪುಸ್ತಕ ಹೇಳುವಷ್ಟನ್ನು ಯಾವ ಲೈಕ್‌ಗಳ ಲೆಕ್ಕವೂ ಹೇಳುವುದಿಲ್ಲ.

ಜಾಗ ಆರಿಸುವುದರಲ್ಲೂ ದುಡ್ಡು ಸೋರುತ್ತದೆ. ನಕ್ಷೆಯಲ್ಲಿ ಹಂಪನಕಟ್ಟೆಗೆ ಪಿನ್ ಚುಚ್ಚಿ 40 ಕಿ.ಮೀ. ತ್ರಿಜ್ಯ ಎಂದು ಕೊಟ್ಟರೆ ಹೆಚ್ಚುಕಡಿಮೆ ಅರ್ಧ ವೃತ್ತ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಅದರಿಂದ ನಷ್ಟವಿಲ್ಲ, ಸಮುದ್ರಕ್ಕೆ ಯಾರೂ ಬಿಲ್ ಹಾಕುವುದಿಲ್ಲ. ನೋಡಬೇಕಾದದ್ದು ಉಳಿದರ್ಧವನ್ನು. ದಕ್ಷಿಣಕ್ಕೆ ಅದು ತಲಪಾಡಿ ದಾಟಿ ಮಂಜೇಶ್ವರ, ಉಪ್ಪಳ, ಕುಂಬಳೆಯನ್ನೂ ಒಳಗೊಳ್ಳುತ್ತದೆ, ಉತ್ತರಕ್ಕೆ ಉಡುಪಿಯನ್ನು ಮುಟ್ಟುವುದೇ ಇಲ್ಲ. ಮದುವೆ ಸೀರೆ, ಚಿನ್ನ ಮಾರುವವರಿಗೆ ಉಪ್ಪಳದ ಗಿರಾಕಿ ಬೇಕು, ಅವರು ಮಂಗಳೂರಿಗೆ ಬಂದೇ ಬರುತ್ತಾರೆ. ಸ್ಕೂಟರಿನಲ್ಲಿ ಕೇಕ್ ತಲುಪಿಸುವವರಿಗೆ ಆ ಜಾಹೀರಾತು ಬರೀ ಖರ್ಚು. ಅವರು ಕಂಕನಾಡಿ, ಬಿಜೈ, ಕದ್ರಿ ಎಂದು 3–4 ಕಿ.ಮೀ.ಯ ಸಣ್ಣ ಸಣ್ಣ ವೃತ್ತ ಹಾಕಿಕೊಳ್ಳುವುದು ಲೇಸು. ಇನ್ನೊಂದು ವಿಷಯ: ಈ ವೃತ್ತದೊಳಗೆ ಅಲ್ಲೇ ವಾಸಿಸುವವರ ಜತೆ ಇತ್ತೀಚೆಗೆ ಅಲ್ಲಿಗೆ ಬಂದುಹೋದವರೂ ಸೇರುತ್ತಾರೆ. ಮಣಿಪಾಲ, ಮಲ್ಪೆಯಂಥ ಕಡೆ ಇದು ದೊಡ್ಡ ಸಂಖ್ಯೆ. ಪ್ರವಾಸ ಮುಗಿಸಿ ಬೆಂಗಳೂರಿಗೆ ಮರಳಿದವರಿಗೂ ನಿಮ್ಮ ಮಧ್ಯಾಹ್ನದ ಊಟದ ಜಾಹೀರಾತು ಕಾಣುತ್ತಿರಬಹುದು.

ಹೀಗೆ ವೃತ್ತಗಳನ್ನು ಹಾಕುವಾಗ ಎಲ್ಲವನ್ನೂ ಒಂದೇ ಜಾಹೀರಾತು ಗುಂಪಿನೊಳಗೆ ಸೇರಿಸಬೇಕು. ದಿನದ 500 ರೂಪಾಯಿಯನ್ನು ಐದು ಜಾಹೀರಾತಿಗೆ ನೂರು ನೂರರಂತೆ ಹಂಚಿದರೆ ಯಾವುದೂ ಕುದುರುವುದಿಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸುವ ಮೆಟಾದ ವ್ಯವಸ್ಥೆ ಸರಿಯಾದ ಜನರನ್ನು ಕಲಿತುಕೊಳ್ಳಲು ಒಂದು ವಾರದಲ್ಲಿ ಸುಮಾರು 50 ಫಲಿತಾಂಶ (ಇಲ್ಲಿ ಮೆಸೇಜ್) ಬೇಕು. ನಡುವೆ ಚಿತ್ರ ಬದಲಿಸಿದರೆ, ಜಾಗ ಬದಲಿಸಿದರೆ, ಬಜೆಟ್ಟನ್ನು ಒಮ್ಮೆಲೇ ದುಪ್ಪಟ್ಟು ಮಾಡಿದರೆ ಕಲಿಕೆ ಮೊದಲಿನಿಂದ ಶುರುವಾಗಬಹುದು. ಆದ್ದರಿಂದ ಒಂದು ವಾರ ಕೈ ಹಾಕದೆ ಬಿಡಬೇಕು. ಬೆಳಗ್ಗೆ ಹಾಕಿದ ಜಾಹೀರಾತನ್ನು ಸಂಜೆ ‘ಏನೂ ಬರಲಿಲ್ಲ’ ಎಂದು ನಿಲ್ಲಿಸುವವರೇ ಹೆಚ್ಚು. ಮುಗಿಯುವ ತಾರೀಕನ್ನು ಮಾತ್ರ ಮೊದಲ ದಿನವೇ ಹಾಕಬೇಕು. ಮೇಲೆ ಹೇಳಿದ ಅಂಜಲ್ ಜಾಹೀರಾತು ಜುಲೈಯಲ್ಲೂ ಓಡುವುದು ಆ ತಾರೀಕು ಇಲ್ಲದ ಕಾರಣಕ್ಕೆ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಬಿಡುವುದಿಲ್ಲವೆಂದು ಗೊತ್ತಿದ್ದರೂ ದ್ವೀಪದ ವಿಡಿಯೋ ತೋರಿಸಿ ಆಗಸ್ಟಿಗೆ ರೂಂ ಬುಕ್ ಮಾಡಿಸಿಕೊಂಡರೆ ಬಂದವರಿಗೆ ಏನು ಹೇಳುವುದು?

ಇನ್ನು ನಿಜವಾದ ಗಾಯಕ್ಕೆ ಬರುತ್ತೇವೆ. ಸಂಜೆ 7.40ಕ್ಕೆ ವಾಟ್ಸ್‌ಆ್ಯಪ್‌ಗೆ ‘ರೇಟ್ ಎಷ್ಟು?’ ಎಂದು ಮೆಸೇಜ್ ಬರುತ್ತದೆ. ಮರುದಿನ ಬೆಳಗ್ಗೆ 11ಕ್ಕೆ ಅಂಗಡಿಯಿಂದ ಉತ್ತರ: ‘ಹೇಳಿ ಸರ್.’ ಕೇಳಿದವರು ಅಷ್ಟರಲ್ಲಿ ಬೇರೆ ಕಡೆ ಆರ್ಡರ್ ಕೊಟ್ಟಾಗಿದೆ. ಮೇಲಿನ ಲೆಕ್ಕದಂತೆ 69 ರೂಪಾಯಿ ಕೊಟ್ಟು ತಂದ ಮೆಸೇಜ್ ಅದು! ಜಾಹೀರಾತು ಓಡುವ ಹೊತ್ತಿನಲ್ಲಿ ಫೋನ್ ಕೈಯಲ್ಲಿ ಹಿಡಿಯುವವರು ಒಬ್ಬರು ಇರಲೇಬೇಕು. ಇಲ್ಲವಾದರೆ ಫೋನ್ ನೋಡಲು ಸಾಧ್ಯವಿರುವ ಹೊತ್ತಿನಲ್ಲಿ ಮಾತ್ರ ಜಾಹೀರಾತು ಓಡಲಿ. ಮೆಟಾದ ಜಾಹೀರಾತು ನಡೆಸುವ ಪುಟವಾದ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ದಿನದ ಬಜೆಟ್ ಬದಲು ಒಟ್ಟು ಬಜೆಟ್ ಆರಿಸಿದರೆ ಗಂಟೆಗಳನ್ನು ಗೊತ್ತುಮಾಡಲು ಬರುತ್ತದೆ. ಊಟದ ಹೊಟೇಲಿಗೆ ಬೆಳಗ್ಗೆ 10.30ರಿಂದ 1 ಗಂಟೆಯವರೆಗೆ ಓಡಿದರೆ ಸಾಕು.

ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ದುಡ್ಡಿಲ್ಲದೆ ಸಿಗುವ ಮೂರು ಸೌಲಭ್ಯಗಳನ್ನು ಬಳಸದವರೇ ಜಾಸ್ತಿ. ಅಂಗಡಿ ಮುಚ್ಚಿದ ಮೇಲೆ ತಾನಾಗಿ ಹೋಗುವ ಸಂದೇಶ ಒಂದು. ಫೋಟೊ, ದರದ ಜತೆ ಸರಕು ಜೋಡಿಸುವ ಕೆಟಲಾಗ್ ಇನ್ನೊಂದು. ಮೂರನೆಯದು ಸಿದ್ಧ ಉತ್ತರ: ಒಮ್ಮೆ ಬರೆದಿಟ್ಟರೆ, ಓರೆಗೆರೆ (/) ಒತ್ತಿ ಒಂದು ಪದ ಹಾಕಿದಾಗ ಇಡೀ ಉತ್ತರ ಬಂದುಬಿಡುತ್ತದೆ. ಕೇಕ್ ಮಾಡುವವರು ಹೀಗೆ ಬರೆದಿಡಬಹುದು: ‘ನಮಸ್ಕಾರ. ಅರ್ಧ ಕಿಲೋ 450 ರೂ., ಒಂದು ಕಿಲೋ 850 ರೂ. ಒಂದು ದಿನ ಮೊದಲು ಹೇಳಬೇಕು. ಯಾವ ದಿನಕ್ಕೆ, ಯಾವ ಏರಿಯಾಕ್ಕೆ ಬೇಕಿತ್ತು?’ ದರ ಮೊದಲ ಉತ್ತರದಲ್ಲೇ ಇರಬೇಕು, ಕೊನೆಯಲ್ಲಿ ಗಿರಾಕಿ ಸುಲಭವಾಗಿ ಉತ್ತರಿಸುವಂಥ ಪ್ರಶ್ನೆ ಇರಬೇಕು. ‘ದರಕ್ಕೆ ಮೆಸೇಜ್ ಮಾಡಿ’ ಎಂದು ಪೋಸ್ಟಿನಲ್ಲಿ ಬರೆಯುವ ರೂಢಿಯನ್ನು ದಯವಿಟ್ಟು ಬಿಡಿ. ದರ ಬಚ್ಚಿಟ್ಟ ಅಂಗಡಿ ದುಬಾರಿ ಎಂದೇ ಜನ ತಿಳಿಯುತ್ತಾರೆ.

ಶಂಕರಪುರ ಮಲ್ಲಿಗೆಯಂತೆ ದಿನದಿನಕ್ಕೂ ದರ ಬದಲಾಗುವ ವ್ಯಾಪಾರದಲ್ಲಿ ದರವನ್ನು ಪೋಸ್ಟರಿನಲ್ಲಿ ಅಚ್ಚು ಮಾಡಿದಂತೆ ಹಾಕಬಾರದು. ಅಟ್ಟೆಯ (ಮಲ್ಲಿಗೆ ಮಾರುವ ಅಳತೆ) ಇಂದಿನ ದರ ನಾಳೆ ಇರುವುದಿಲ್ಲ, ಆದರೆ ಪೋಸ್ಟರ್ ವಾರಗಟ್ಟಲೆ ಸುತ್ತುತ್ತದೆ. ಅದಕ್ಕೆ ವಾಟ್ಸ್‌ಆ್ಯಪ್ ಸ್ಟೇಟಸ್ಸೇ ಸರಿ, 24 ಗಂಟೆಗೆ ತಾನೇ ಅಳಿಸಿಹೋಗುತ್ತದೆ. ಮೀನಿನ ಅಂಗಡಿಗೂ ಇದೇ ಮಾತು.

ಬ್ರಾಡ್‌ಕಾಸ್ಟ್ ಪಟ್ಟಿಯ (ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳುಹಿಸುವ ವಾಟ್ಸ್‌ಆ್ಯಪ್ ಪಟ್ಟಿ) ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಒಂದು ಪಟ್ಟಿಗೆ 256 ಜನರನ್ನಷ್ಟೇ ಸೇರಿಸಲು ಬರುತ್ತದೆ, ಅದೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಬಿಲ್ ಕೊಡುವಾಗ ‘ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಸ್ಟಾಕ್ ಬಂದಾಗ ತಿಳಿಸುತ್ತೇವೆ’ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಇದನ್ನು ಬಿಟ್ಟು ಎಲ್ಲಿಂದಲೋ ನಂಬರುಗಳ ಪಟ್ಟಿ ಕೊಂಡು ಅಪರಿಚಿತರಿಗೆ ಕಳುಹಿಸಿದರೆ ಅವರು ಬ್ಲಾಕ್ ಮಾಡುತ್ತಾರೆ, ದೂರುತ್ತಾರೆ, ಕೊನೆಗೆ ನಂಬರೇ ನಿಷೇಧವಾಗಬಹುದು. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲಿರುವ ನಂಬರು ಹೀಗೆ ಕೈತಪ್ಪಬಾರದು.

ಗೂಗಲ್ ಬಿಸಿನೆಸ್ ಪ್ರೊಫೈಲನ್ನು ಜನ ಜಾಲತಾಣವೆಂದೇ ಎಣಿಸುವುದಿಲ್ಲ, ಆದರೆ ರೀಲ್ಸ್ ನೋಡಿದವರು ಮುಂದೆ ಮಾಡುವ ಕೆಲಸ ಅಂಗಡಿಯ ಹೆಸರನ್ನು ಗೂಗಲ್‌ನಲ್ಲಿ ಹುಡುಕುವುದು. ಪಿನ್ ಹಿಂದಿನ ಗಲ್ಲಿಗೆ ಬಿದ್ದಿದ್ದರೆ ಅವರು ಅಲ್ಲೇ ಸುತ್ತಿ ವಾಪಸಾಗುತ್ತಾರೆ. ಉಡುಪಿಯ ರಥಬೀದಿಯ ಸುತ್ತಲಿನ ಅಂಗಡಿಗಳಿಗೆ ಇನ್ನೊಂದು ಕಷ್ಟ: ಉತ್ಸವದ ದಿನ ಅಲ್ಲಿಗೆ ವಾಹನ ಬಿಡುವುದಿಲ್ಲ, ಮ್ಯಾಪ್ ಮಾತ್ರ ನೇರ ಅಲ್ಲಿಗೇ ಕರೆದೊಯ್ಯುತ್ತದೆ. ಕಾರು ಎಲ್ಲಿ ನಿಲ್ಲಿಸಬೇಕು, ಅಲ್ಲಿಂದ ಎಷ್ಟು ನಡೆಯಬೇಕು ಎಂದು ವಿವರಣೆಯಲ್ಲಿ ಎರಡು ಸಾಲು ಬರೆಯಬೇಕು. ವಿಟ್ಲಪಿಂಡಿ, ದಸರಾ, ಪರ್ಯಾಯದ ದಿನಗಳಿಗೆ ಬೇರೆಯಾಗಿ ಸಮಯ ನಮೂದಿಸುವ ಸೌಲಭ್ಯವೂ ಅಲ್ಲಿದೆ. ದುಡ್ಡು ಅಥವಾ ರಿಯಾಯಿತಿ ಕೊಟ್ಟು ಒಳ್ಳೆಯ ವಿಮರ್ಶೆ ಬರೆಸುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಕೆಟ್ಟ ವಿಮರ್ಶೆ ಬಂದಾಗ ಜಗಳಕ್ಕೆ ಇಳಿಯದೆ, ಏನಾಯಿತು, ಏನು ಸರಿಪಡಿಸಿದೆವು ಎಂದು ಮೂರು ಸಾಲಿನಲ್ಲಿ ಉತ್ತರಿಸಿದರೆ ಸಾಕು. ಆ ಉತ್ತರವನ್ನು ಓದುವುದು ದೂರಿದವರಿಗಿಂತ ಹೆಚ್ಚಾಗಿ ಮುಂದೆ ಬರಲಿರುವ ಗಿರಾಕಿ.

ವಿಡಿಯೋದ ಬಗ್ಗೆ ಸ್ವಲ್ಪ. ಅಡುಗೆಮನೆಯಲ್ಲಿ ಇಟ್ಟ ಫೋನಿನ ಲೆನ್ಸಿಗೆ ಹಬೆ, ಎಣ್ಣೆ ಹಿಡಿದಿರುತ್ತದೆ. ಮೆತ್ತಗಿನ ಬಟ್ಟೆಯಲ್ಲಿ ಒರೆಸಿಯೇ ಶುರುಮಾಡಬೇಕು. ಬೆಳಕು ಕಿಟಕಿಯದ್ದಿರಲಿ, ಝೂಮ್ ಮಾಡುವ ಬದಲು ಹತ್ತಿರ ಹೋಗಿ. ಮೊದಲ ಎರಡು ಸೆಕೆಂಡಿನಲ್ಲಿ ಅಂಗಡಿಯ ಲೋಗೊ ತಿರುಗುವುದನ್ನು ಯಾರೂ ಕಾಯುವುದಿಲ್ಲ. ಕಾವಲಿಯಿಂದ ನೀರುದೋಸೆ ಏಳುವ ಕ್ಷಣದಿಂದಲೇ ಆರಂಭವಾಗಲಿ, ಆಮೇಲೆ ತಟ್ಟೆ, ದರ, ಹೊರಗಿನ ಬೋರ್ಡು, ಎದುರಿನ ಬಸ್‌ಸ್ಟಾಪ್. 20 ಸೆಕೆಂಡ್ ಸಾಕು. ಉದ್ದುದ್ದವಾಗಿ, ಅಂದರೆ 1080ಕ್ಕೆ 1920 ಪಿಕ್ಸೆಲ್ ಅಳತೆಯಲ್ಲಿ ತೆಗೆದು, ಅಕ್ಷರಗಳನ್ನು ನಡುವಿನಲ್ಲಿಡಬೇಕು. ಮೇಲೆ ಸುಮಾರು 14%, ಕೆಳಗೆ ಸುಮಾರು 35% ಜಾಗದಲ್ಲಿ ಬರೆದದ್ದು ಗುಂಡಿಗಳ ಹಿಂದೆ ಮರೆಯಾಗಬಹುದು. ಎಷ್ಟೋ ಜಾಹೀರಾತುಗಳಲ್ಲಿ ಫೋನ್ ನಂಬರ್ ಇರುವುದು ಸರಿಯಾಗಿ ಆ ಜಾಗದಲ್ಲೇ!

ಸಿನಿಮಾ ಹಾಡು ಬೇಡ. ವ್ಯಾಪಾರದ ಖಾತೆಗಳಿಗೆ ಆ ಹಾಡುಗಳನ್ನು ಬಳಸುವ ಹಕ್ಕಿಲ್ಲ, ವಿಡಿಯೋದ ಧ್ವನಿ ನಿಂತುಹೋಗಬಹುದು, ಹಕ್ಕುದಾರರಿಂದ ನೋಟಿಸೂ ಬರಬಹುದು. ತವಾದ ಮೇಲೆ ಮೀನು ಚುರುಗುಟ್ಟುವ ಸದ್ದಿಗಿಂತ ಒಳ್ಳೆಯ ಸಂಗೀತ ಮೀನಿನ ಹೊಟೇಲಿಗೆ ಬೇಕೇ? ಭಾಷೆಯ ವಿಷಯದಲ್ಲಿ ನಮ್ಮ ಊರಿಗೆ ವಿಶೇಷ ಅನುಕೂಲವಿದೆ. ‘ವನಸ್ ಆಂಡಾ?’ (ಊಟ ಆಯಿತೇ?) ಎಂದು ತುಳುವಿನಲ್ಲಿ ಶುರುವಾದ ರೀಲ್ಸ್‌ಗೆ ಮುಂಬೈಯಲ್ಲಿರುವವರೂ ದುಬೈಯಲ್ಲಿರುವವರೂ ನಿಂತು ನೋಡುತ್ತಾರೆ. ಕೊಂಕಣಿ, ಬ್ಯಾರಿಗೂ ಅಷ್ಟೇ ಸೆಳೆತವಿದೆ. ಆದರೆ ತುಳು ಮಾತಿಗೆ ತಾನಾಗಿ ಮೂಡುವ ಅಕ್ಷರಗಳನ್ನು ನಂಬಬಾರದು. ಕನ್ನಡ ಲಿಪಿಯಲ್ಲಿ ಕೈಯಾರೆ ಟೈಪ್ ಮಾಡಬೇಕು, ಏಕೆಂದರೆ ಬಸ್ಸಿನಲ್ಲಿ, ಕಚೇರಿಯಲ್ಲಿ ಧ್ವನಿ ಇಲ್ಲದೆ ನೋಡುವವರು ಬಹಳ.

ಆಹಾರದ ರೀಲ್ಸ್ ಮಾಡುವ ವ್ಲಾಗರ್‌ಗಳನ್ನು ಕರೆಸುವ ಪರಿಪಾಠದ ಬಗ್ಗೆ ಹೇಳಲೇಬೇಕಾದದ್ದಿದೆ. ಕರೆಸುವುದು ತಪ್ಪಲ್ಲ. ದುಡ್ಡು ಪಡೆದು ‘ಅಚಾನಕ್ ಸಿಕ್ಕಿದ ಹೊಟೇಲ್’ ಎಂದು ತೋರಿಸುವುದು ತಪ್ಪು. ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ ಮಾರ್ಗಸೂಚಿ 2021ರ ಜೂನ್ 14ರಿಂದಲೇ ಇದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮತ್ತೆ ಸ್ಪಷ್ಟಪಡಿಸಿದೆ: ನಗದು ಮಾತ್ರವಲ್ಲ, ಪುಕ್ಕಟೆ ಊಟ, ಪುಕ್ಕಟೆ ವಾಸ್ತವ್ಯ ಪಡೆದಿದ್ದರೂ ಅದನ್ನು ಹೇಳಬೇಕು. ವಿಡಿಯೋದೊಳಗೇ ಹೇಳಬೇಕು, ಮಾತಾಡುವ ಭಾಷೆಯಲ್ಲೇ ಹೇಳಬೇಕು. ತುಳುವಿನಲ್ಲಿ ಹೊಗಳಿ, ಕೆಳಗೆ ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಒಂದು ಇಂಗ್ಲಿಷ್ ಪದ ತುರುಕಿದರೆ ಆಗದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ದಂಡ ಮಾಲೀಕರ ಮೇಲೂ ಬರಬಹುದು, ವ್ಲಾಗರ್ ಮೇಲೂ ಬರಬಹುದು. ದಂಡಕ್ಕಿಂತ ದೊಡ್ಡ ಹಾನಿ ಬೇರೆ ಇದೆ. ಒಬ್ಬರೇ ವ್ಲಾಗರ್ ವಾರಕ್ಕೆ ಮೂರು ಹೊಟೇಲಿನಲ್ಲಿ ‘ಇಂಥ ಘೀ ರೋಸ್ಟ್ ಜನ್ಮದಲ್ಲಿ ತಿಂದಿಲ್ಲ’ ಎಂದರೆ, ನಾಲ್ಕನೆಯ ಹೊಟೇಲಿನ ಘೀ ರೋಸ್ಟ್ ನಿಜವಾಗಿಯೂ ಚೆನ್ನಾಗಿದ್ದರೂ ನಂಬುವವರಿರುವುದಿಲ್ಲ. ಕರೆಸುವ ಮೊದಲು ಅವರ ಫಾಲೋವರ್‌ಗಳ ಊರುವಾರು ವಿವರದ ಸ್ಕ್ರೀನ್‌ಶಾಟ್ ಕೇಳಿ. ಲಕ್ಷ ಜನರಲ್ಲಿ ಮಂಗಳೂರು, ಉಡುಪಿಯವರು ಎಷ್ಟು ಎಂದು ಅಲ್ಲಿ ಕಾಣುತ್ತದೆ. ಫಾಲೋವರ್‌ಗಳನ್ನು ಕೊಂಡುಕೊಳ್ಳುವುದಂತೂ ಬೇಡವೇ ಬೇಡ. ಹೊಸ ಪೋಸ್ಟ್ ಮೊದಲು ಕಾಣುವುದರಲ್ಲಿ ಒಂದು ಪಾಲು ಅವರಿಗೇ ಹೋಗುತ್ತದೆ, ಅವರು ಯಾರೂ ಮಿಸುಕುವುದಿಲ್ಲ, ಇದು ಯಾರಿಗೂ ಬೇಡವಾದ ಪೋಸ್ಟ್ ಎಂದು ವ್ಯವಸ್ಥೆ ಅದನ್ನು ಹಿಂದಕ್ಕೆ ತಳ್ಳುತ್ತದೆ.

ಪೇಜ್ ಯಾರ ಹೆಸರಿನಲ್ಲಿದೆ ಎಂಬುದನ್ನು ಇಂದೇ ನೋಡಿಕೊಳ್ಳುವುದು ಒಳಿತು. ಅಂಗಡಿಯಲ್ಲಿದ್ದ ಹುಡುಗ ತನ್ನ ಸ್ವಂತ ಖಾತೆಯಿಂದ ಪೇಜ್ ಮಾಡಿರುತ್ತಾನೆ, ಎರಡು ವರ್ಷ ಕಳೆದು ಗಲ್ಫಿಗೆ ಹೋಗುತ್ತಾನೆ. ಹತ್ತು ಸಾವಿರ ಫಾಲೋವರ್ ಇರುವ ಪೇಜಿಗೆ ಬೀಗದ ಕೈ ಇಲ್ಲದಂತಾಗುತ್ತದೆ. ಪೇಜು, ಜಾಹೀರಾತು ಖಾತೆಗಳನ್ನು ಒಂದೆಡೆ ಇಡುವ ಮೆಟಾದ ಬಿಸಿನೆಸ್ ಪೋರ್ಟ್‌ಫೋಲಿಯೊವನ್ನು ಮಾಲೀಕರ ಹೆಸರಿನಲ್ಲಿ ಮಾಡಿ, ಮನೆಯ ಇನ್ನೊಬ್ಬರನ್ನೂ ಅಡ್ಮಿನ್ ಮಾಡಿ, ಏಜೆನ್ಸಿಯವರಿಗೆ ಪಾಲುದಾರರ ಪ್ರವೇಶವನ್ನಷ್ಟೇ ಕೊಡಬೇಕು. ಪಾಸ್‌ವರ್ಡ್ ಯಾರಿಗೂ ಕೊಡುವುದು ಬೇಡ. ಎರಡು ಹಂತದ ದೃಢೀಕರಣ ಹಾಕಿರಲೇಬೇಕು. ‘ಕಾಪಿರೈಟ್ ಉಲ್ಲಂಘನೆಯಾಗಿದೆ, 24 ಗಂಟೆಯಲ್ಲಿ ಪೇಜ್ ಅಳಿಸುತ್ತೇವೆ’ ಎಂದು ಇನ್‌ಬಾಕ್ಸಿಗೆ ಬರುವ ಲಿಂಕ್ ಪಾಸ್‌ವರ್ಡ್ ಕದಿಯುವ ಬಲೆ. ಹಾಗೆಯೇ, ಸೈನಿಕನೆಂದು ಹೇಳಿಕೊಂಡು ನೂರು ಊಟಕ್ಕೆ ಆರ್ಡರ್ ಕೊಟ್ಟು, ‘ಮುಂಗಡ ಪಡೆಯಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುವವರು ಬರುತ್ತಾರೆ. ದುಡ್ಡು ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯ ಎಂದಿಗೂ ಇಲ್ಲ ಎಂಬುದನ್ನು ಗಲ್ಲೆಯಲ್ಲಿ ಕೂರುವ ಪ್ರತಿಯೊಬ್ಬರಿಗೂ ಹೇಳಿಕೊಡಬೇಕು.

ನಮ್ಮ ಕೋರಿಕೆ ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗೆ, ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಕೈಗಾರಿಕಾ ಕೇಂದ್ರಗಳಿಗೆ. ಸಭಾಂಗಣದಲ್ಲಿ ಪರದೆ ಹಾಕಿ ಭಾಷಣ ಮಾಡುವ ಕಾರ್ಯಾಗಾರದಿಂದ ಸಣ್ಣ ಅಂಗಡಿಯವರಿಗೆ ಹೆಚ್ಚು ದಕ್ಕುವುದಿಲ್ಲ. ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಶುಭಕಾರ್ಯಗಳಿಲ್ಲದೆ ವ್ಯಾಪಾರ ಸಡಿಲವಾಗಿರುತ್ತದೆ. ಆಗ ಎರಡು ದಿನ, ಒಂದು ಸಲಕ್ಕೆ ಇಪ್ಪತ್ತು ಮಂದಿಯಷ್ಟನ್ನೇ ಕರೆದು, ಅವರವರ ಫೋನಿನಲ್ಲೇ ಪಿನ್ ಸರಿಪಡಿಸಿ, ಕೆಟಲಾಗ್ ತುಂಬಿಸಿ, ಸಿದ್ಧ ಉತ್ತರ ಬರೆಯಿಸಿ, ಪೇಜಿನ ಮಾಲೀಕತ್ವ ವರ್ಗಾಯಿಸಿ ಕಳುಹಿಸಿಕೊಡಲಿ. ಚೌತಿ, ದಸರಾದ ವ್ಯಾಪಾರಕ್ಕೆ ಅಷ್ಟರಲ್ಲಿ ಅಂಗಡಿ ಸಿದ್ಧವಾಗಿರುತ್ತದೆ. ಹೇಳಿಕೊಡಲು ನಮ್ಮ ಕಸುಬಿನವರು ಸಂಭಾವನೆಯಿಲ್ಲದೆ ಬರಲು ತಯಾರಿದ್ದೇವೆ.

– ಡಿಜಿಟಲ್ ಜಾಹೀರಾತು ಕೆಲಸದಲ್ಲಿರುವ ಓದುಗರು,
ಕುಂಜಿಬೆಟ್ಟು, ಉಡುಪಿ